ಹಾಸು ಒಂದು, ಹೊಕ್ಕು ಹಲವು

1964ರಲ್ಲಿ ಡಾ. ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ ಎಂಬ ಇಬ್ಬರು ಒಂದು ಪುಟ್ಟ ಲೇಖನ ಪ್ರಕಟಿಸಿದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಆಗ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎಂದು ಕರೆಸಿಕೊಳ್ಳುತ್ತಿದ್ದ, ಇವತ್ತು ನಾವೆಲ್ಲ ನಿಮ್ಹಾನ್ಸ್ ಎನ್ನುವ ಸಂಸ್ಥೆಯ ಅನುಭವದಿಂದ ಹುಟ್ಟಿದ ಲೇಖನ ಅದು. ಭಾರತದ ಸಂದರ್ಭದಲ್ಲಿ ಮನೋಚಿಕಿತ್ಸೆ ಮಾಡುವವರು ಮೊದಲು ಯೋಚಿಸಬೇಕಾದ ಸಂಗತಿಗಳು ಯಾವುವು ಎಂಬುದು ಅದರ ವಿಷಯ. ಅವರು ಹೇಳಿದ್ದು ಸರಳವಾಗಿತ್ತು. ನಮ್ಮ ರೋಗಿ ತನ್ನ ಮನಸ್ಸಿನ ಒಳಗೆ ಏನು ಹೂತಿದೆ ಎಂದು ಹುಡುಕಿಕೊಡಿ ಎಂದು ಬರುವುದಿಲ್ಲ. ಎದುರಿಗಿರುವ ಕಷ್ಟಕ್ಕೆ ನೇರವಾದ ಆಸರೆ ಬೇಕು ಎಂದು ಬರುತ್ತಾನೆ. ಗಡಿಯಾರ ನೋಡಿ ಎದ್ದು ಹೋಗುವುದಿಲ್ಲ; ಚಿಕಿತ್ಸಕನನ್ನು ಅಪರಿಚಿತ ತಜ್ಞನಾಗಿ ಇರಲೂ ಬಿಡುವುದಿಲ್ಲ. ಅಣ್ಣನಾಗಿ, ತಂದೆಯಾಗಿ, ಮನೆಯ ಹಿರಿಯನಾಗಿ ಮಾಡಿಕೊಳ್ಳುತ್ತಾನೆ. ಪುಸ್ತಕದ ಮನೋಚಿಕಿತ್ಸೆಗೂ ಈ ರೋಗಿಗೂ ತಾಳೆಯಾಗದಿದ್ದರೆ ತಪ್ಪು ರೋಗಿಯದ್ದೇ ಆಗಿರಬೇಕಿಲ್ಲ ಎಂಬುದು ಅವರ ವಾದದ ತಿರುಳು.

ದೊಡ್ಡಬಳ್ಳಾಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮನಶ್ಶಾಸ್ತ್ರ ಪಾಠ ಮಾಡುವ ನನಗೆ ಈ ಲೇಖನ ಮತ್ತೆ ಮತ್ತೆ ನೆನಪಾಗುವುದಕ್ಕೆ ಕಾರಣವಿದೆ. ಪಠ್ಯಪುಸ್ತಕಗಳಲ್ಲಿ ಮನೋಚಿಕಿತ್ಸೆಯ ಬೇರೆ ಬೇರೆ ಪದ್ಧತಿಗಳನ್ನು ಒಟ್ಟಿಗೆ ತರುವ ಪ್ರಯತ್ನದ ಚರಿತ್ರೆ ಅಮೆರಿಕದಲ್ಲಿ ಶುರುವಾಗಿ ಅಮೆರಿಕದಲ್ಲೇ ಮುಗಿಯುತ್ತದೆ. ಆದರೆ ಇದೇ ಪ್ರಶ್ನೆಗೆ ಬೆಂಗಳೂರು ಸೀಮೆಯಲ್ಲಿ, ನಗರದಿಂದ ಬಸ್ಸಿನಲ್ಲಿ ಒಂದೆರಡು ಗಂಟೆ ದೂರದ ಊರುಗಳಲ್ಲಿ, ಬೇರೆಯದೇ ಒಂದು ಚರಿತ್ರೆ ಇದೆ. ಅಲ್ಲಿನ ಜಗಳ ಫ್ರಾಯ್ಡ್ ಸರಿಯೋ ಪಾವ್ಲೋವ್ ಸರಿಯೋ ಎಂಬುದಾಗಿರಲಿಲ್ಲ. ಊರಿನಲ್ಲಿ ಯಾರಿದ್ದಾರೆ, ಅವರಿಗೆ ಏನು ಕಲಿಸಬಹುದು, ಅವರಿಂದ ನಾವು ಏನು ಕಲಿಯಬಹುದು ಎಂಬುದಾಗಿತ್ತು.

ಪಡುವಣದ ಜಗಳ

ಮೊದಲು ಪುಸ್ತಕದ ಚರಿತ್ರೆಯನ್ನು ಚುಟುಕಾಗಿ ನೋಡಿಬಿಡೋಣ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮನೋಚಿಕಿತ್ಸೆ ಎಂದರೆ ಬಹುಮಟ್ಟಿಗೆ ಮನೋವಿಶ್ಲೇಷಣೆ. ಅದರ ಎದುರಿಗೆ, ಪ್ರಯೋಗಶಾಲೆಯಲ್ಲಿ ನಾಯಿಯ ಜೊಲ್ಲನ್ನು ಅಳೆದ ಪಾವ್ಲೋವ್‌ನ ಪರಂಪರೆ ಇತ್ತು. ಎರಡೂ ಬಣಗಳು ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. 1932ರಲ್ಲಿ ಥಾಮಸ್ ಫ್ರೆಂಚ್ ಎಂಬ ಮನೋವಿಶ್ಲೇಷಕ ಅಮೆರಿಕದ ಮನೋವೈದ್ಯರ ಸಭೆಯಲ್ಲಿ ನಿಂತು ಈ ಎರಡರ ನಡುವೆ ಹೋಲಿಕೆಗಳಿವೆ ಎಂದಾಗ ಹಲವರು ಮುಖ ಸಿಂಡರಿಸಿದರು. 1936ರಲ್ಲಿ ಸಾಲ್ ರೋಸೆನ್‌ಝ್ವೈಗ್ ಇನ್ನೂ ತುಂಟತನದ ಮಾತು ಹೇಳಿದ. ಎಲ್ಲ ಪದ್ಧತಿಗಳಿಂದಲೂ ರೋಗಿಗಳು ಗುಣವಾಗುತ್ತಿದ್ದಾರೆ ಎಂದಾದರೆ, ಗುಣಪಡಿಸುತ್ತಿರುವುದು ಆಯಾ ಪದ್ಧತಿಯ ಸಿದ್ಧಾಂತ ಅಲ್ಲದಿರಬಹುದು, ಎಲ್ಲದರಲ್ಲೂ ಸಮಾನವಾಗಿರುವ ಏನೋ ಇರಬೇಕು ಎಂದ. ಅದಕ್ಕೆ ಅವನು ಕೊಟ್ಟ ಉದಾಹರಣೆ ಆಲಿಸಳ ಕತೆಯ ಡೋಡೋ ಹಕ್ಕಿ. ಓಟದ ಪಂದ್ಯದಲ್ಲಿ ಓಡಿದವರೆಲ್ಲ ಗೆದ್ದರು, ಎಲ್ಲರಿಗೂ ಬಹುಮಾನ ಎಂದು ತೀರ್ಪು ಕೊಟ್ಟ ಹಕ್ಕಿ ಅದು.

1950ರಲ್ಲಿ ಡಾಲರ್ಡ್ ಮತ್ತು ಮಿಲ್ಲರ್ ಮನೋವಿಶ್ಲೇಷಣೆಯನ್ನು ಕಲಿಕೆಯ ಸಿದ್ಧಾಂತದ ಭಾಷೆಗೆ ತರಲು ನೋಡಿದರು. 1967ರಲ್ಲಿ ಅರ್ನಾಲ್ಡ್ ಲಾಜರಸ್, ಸಿದ್ಧಾಂತಗಳು ಕೂಡಬೇಕಿಲ್ಲ, ಕೆಲಸಕ್ಕೆ ಬರುವ ತಂತ್ರಗಳನ್ನು ಎಲ್ಲಿಂದ ಬೇಕಾದರೂ ತೆಗೆದುಕೊಳ್ಳಿ ಎಂದ. 1977ರಲ್ಲಿ ಪಾಲ್ ವಾಕ್ಟೆಲ್ ಇಲ್ಲ, ಸಿದ್ಧಾಂತಗಳೇ ಸೇರಬಲ್ಲವು ಎಂದು ಪುಸ್ತಕ ಬರೆದ. 1983ರಲ್ಲಿ ಇಂಥವರೆಲ್ಲ ಸೇರಿ ಒಂದು ಸಂಘವನ್ನೇ ಕಟ್ಟಿಕೊಂಡರು. 1992ರಲ್ಲಿ ಸ್ಟ್ಯಾನ್ಲಿ ಮೆಸರ್ ಇನ್ನೊಂದು ದಾರಿ ತೋರಿಸಿದ. ಒಬ್ಬ ಚಿಕಿತ್ಸಕ ಒಂದು ಪದ್ಧತಿಯಲ್ಲಿ ಗಟ್ಟಿಯಾಗಿ ಬೇರೂರಿರಬೇಕು, ಆಮೇಲೆ ಉಳಿದ ಪದ್ಧತಿಗಳಿಂದ ಬೇಕಾದ್ದನ್ನು ಅದರೊಳಕ್ಕೆ ಅರಗಿಸಿಕೊಳ್ಳಬೇಕು.

ನಮ್ಮೂರು ಮಗ್ಗದ ಊರು. ಇದನ್ನು ತರಗತಿಯಲ್ಲಿ ವಿವರಿಸಲು ನನಗೆ ಮಗ್ಗಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಹಾಸು ಎಂದರೆ ಉದ್ದಕ್ಕೆ ಬಿಗಿದ ನೂಲು. ಹೊಕ್ಕು ಎಂದರೆ ಅಡ್ಡಕ್ಕೆ ಓಡುವ ನೂಲು. ಹೊಕ್ಕಿನ ಬಣ್ಣವನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹಾಸು ಸಡಿಲವಾಗಿದ್ದರೆ ಮಾತ್ರ ಯಾವ ಬಣ್ಣ ಹಾಕಿದರೂ ಬಟ್ಟೆಯಾಗುವುದಿಲ್ಲ. ಮೆಸರ್ ಹೇಳಿದ್ದು ಇದನ್ನೇ.

ಇವರೆಲ್ಲರಿಗಿಂತ ನಮಗೆ ಹತ್ತಿರದವನು ಜೆರೋಮ್ ಫ್ರಾಂಕ್. 1961ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನು ಮನೋಚಿಕಿತ್ಸೆಯನ್ನು ಮಂತ್ರವಾದಿಯ ಚಿಕಿತ್ಸೆ, ಧಾರ್ಮಿಕ ಮತಾಂತರ ಮುಂತಾದವುಗಳ ಪಕ್ಕದಲ್ಲಿಟ್ಟು ನೋಡಿದ. ಅವನ ಚಿಂತನೆ ಮುಂದೆ ನಾಲ್ಕು ಅಂಶಗಳಾಗಿ ಹರಳುಗಟ್ಟಿತು. ನಂಬಿ ಮನಸ್ಸು ಬಿಚ್ಚಬಲ್ಲ ಒಂದು ಸಂಬಂಧ, ಗುಣವಾಗುವ ಜಾಗ ಎಂದು ಜನ ಒಪ್ಪಿದ ಒಂದು ಸ್ಥಳ, ಕಷ್ಟ ಏಕೆ ಬಂತು ಎಂಬುದಕ್ಕೆ ಒಂದು ವಿವರಣೆ, ಅದರಿಂದ ಹೊರಬರಲು ಇಬ್ಬರೂ ಸೇರಿ ಮಾಡುವ ಒಂದು ಕ್ರಿಯೆ. ಈ ನಾಲ್ಕು ಆಸ್ಪತ್ರೆಯಲ್ಲೂ ಇವೆ, ತಾಯತ ಕಟ್ಟುವವರ ಜಗುಲಿಯಲ್ಲೂ ಇವೆ. ಫ್ರಾಂಕ್ ಇದನ್ನು ಪುಸ್ತಕಗಳಲ್ಲಿ ಕಂಡುಕೊಂಡ. ನಮ್ಮ ಕಡೆಯ ಸಂಸಾರಗಳು ಇದನ್ನು ಯಾವ ಪುಸ್ತಕವಿಲ್ಲದೆ ನಡೆಸಿಕೊಂಡು ಬಂದಿವೆ.

ಮೈಸೂರಿನಿಂದ ಹೊಸೂರು ರಸ್ತೆಗೆ

ನಮ್ಮ ಚರಿತ್ರೆ ಆಸ್ಪತ್ರೆಯಿಂದಷ್ಟೇ ಅಲ್ಲ, ವಿಶ್ವವಿದ್ಯಾಲಯದಿಂದಲೂ ಶುರುವಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತೆಯ ನಂತರ ದೇಶದಲ್ಲಿ ಅದೇ ಎರಡನೆಯದು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿ ‘ಆಕಾಶವಾಣಿ’ ಎಂಬ ಹೆಸರು ಚಾಲ್ತಿಗೆ ಬರಲು ಕಾರಣರಾದವರೂ ಅವರೇ. ಮನಸ್ಸನ್ನು ಅಳೆಯುವ ಶಾಸ್ತ್ರವೂ ಮಾತನ್ನು ಮನೆಮನೆಗೆ ಮುಟ್ಟಿಸುವ ಯಂತ್ರವೂ ಒಬ್ಬರದೇ ಕೈಯಲ್ಲಿದ್ದವು ಎಂಬುದು ನನಗೆ ಇವತ್ತಿಗೂ ಸೋಜಿಗ.

ಬೆಂಗಳೂರಿನ ಹುಚ್ಚಾಸ್ಪತ್ರೆಯ ಕತೆ ಇನ್ನೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹುಟ್ಟಿದ ಆ ಆಶ್ರಯಧಾಮ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು. ಆ ಕಾಲದ ಚಿಕಿತ್ಸೆ ಎಂದರೆ ಕಾರ್ಡಿಯಜಾಲ್ ಚುಚ್ಚಿ ಬರಿಸುವ ಸೆಳವು, ಇನ್ಸುಲಿನ್ ಕೊಟ್ಟು ತರುವ ಮೂರ್ಛೆ. ಮಾತಿನ ಚಿಕಿತ್ಸೆಗೆ ಅಲ್ಲಿ ಜಾಗ ಕಡಿಮೆ. ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಂ.ವಿ. ಗೋವಿಂದಸ್ವಾಮಿ ಈ ಹೊಸ ಚಿಕಿತ್ಸೆಗಳನ್ನೆಲ್ಲ ಬಳಸಿದರು. ಅದರ ಜೊತೆಗೇ, ಭಾರತೀಯ ದರ್ಶನಗಳಲ್ಲೂ ಆಯುರ್ವೇದದಲ್ಲೂ ಮನೋವೈದ್ಯಕ್ಕೆ ಬೇಕಾದದ್ದು ಏನಿದೆ ಎಂದು ಸಂಶೋಧನೆ ನಡೆಯಬೇಕು ಎಂದು 1940ರ ದಶಕದ ಕೊನೆಯಲ್ಲೇ ವಾದಿಸುತ್ತಿದ್ದರು.

ಭೋರ್ ಸಮಿತಿಯ 1946ರ ವರದಿಯ ಶಿಫಾರಸಿನ ಫಲವಾಗಿ 1954ರ ಡಿಸೆಂಬರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕರಾದವರು ಗೋವಿಂದಸ್ವಾಮಿಯವರೇ. 1955ರಲ್ಲಿ ಎರಡು ಡಿಪ್ಲೊಮಾ ಕೋರ್ಸುಗಳು ಆರಂಭವಾದವು. ಒಂದು ವೈದ್ಯರಿಗೆ. ಇನ್ನೊಂದು ಮನಶ್ಶಾಸ್ತ್ರ ಓದಿದವರಿಗೆ. ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ತಯಾರು ಮಾಡುತ್ತ ಬಂದ ಎಂ.ಫಿಲ್ ಕೋರ್ಸಿನ ಮೂಲ ಆ ಎರಡನೆಯ ಡಿಪ್ಲೊಮಾ. ವೈದ್ಯ, ಮನಶ್ಶಾಸ್ತ್ರಜ್ಞ, ದಾದಿ, ಸಮಾಜ ಕಾರ್ಯಕರ್ತ ಒಂದೇ ಅಂಗಳದಲ್ಲಿ ಕಲಿಯುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಬೇರೆ ಬೇರೆ ಸಿದ್ಧಾಂತಗಳನ್ನು ಸೇರಿಸುವ ಮೊದಲು ಬೇರೆ ಬೇರೆ ಕಸುಬಿನವರನ್ನು ಸೇರಿಸಿತು ಎಂಬುದೇ ಆ ಸಂಸ್ಥೆಯ ವಿಶೇಷ.

ಸೂರ್ಯ ಮತ್ತು ಜಯರಾಂ ಅವರ ಲೇಖನ ಬಂದದ್ದು ಈ ಅಂಗಳದಿಂದ. ಅದಕ್ಕೊಂದು ಜೊತೆ ಮಾತು 1973ರಲ್ಲಿ ಉತ್ತರ ಭಾರತದಿಂದ ಬಂತು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜೆ.ಎಸ್. ನೇಕಿ, ಗುರು ಶಿಷ್ಯ ಸಂಬಂಧವೇ ನಮ್ಮ ಮನೋಚಿಕಿತ್ಸೆಗೆ ಮಾದರಿಯಾಗಬಾರದೇಕೆ ಎಂದು ಕೇಳಿದರು. ಪಶ್ಚಿಮದ ಚಿಕಿತ್ಸೆ ರೋಗಿಯನ್ನು ಸ್ವತಂತ್ರನನ್ನಾಗಿ ಮಾಡಲು ಹೊರಡುತ್ತದೆ. ಯಾರ ಮೇಲಾದರೂ ಅವಲಂಬಿಸುವುದು ಅಲ್ಲಿ ರೋಗದ ಲಕ್ಷಣ. ನಮ್ಮಲ್ಲಿ ಅವಲಂಬನೆ ಬದುಕಿನ ರೀತಿ. ತಂದೆ ತಾಯಿಯನ್ನೂ ಅಣ್ಣ ತಮ್ಮಂದಿರನ್ನೂ ಆಶ್ರಯಿಸಿ ಬದುಕುವವನಿಗೆ ನೀನು ಒಂಟಿಯಾಗಿ ನಿಲ್ಲು ಎಂದರೆ ಅದು ಗುಣಪಡಿಸುವ ಮಾತೋ ಗಾಯ ಮಾಡುವ ಮಾತೋ?

ಇಲ್ಲಿ ಒಂದು ಎಚ್ಚರಿಕೆ ಬೇಕು. ನೇಕಿಯವರ ಮಾದರಿಯಲ್ಲಿ ಚಿಕಿತ್ಸಕ ಗುರುವಾಗುತ್ತಾನೆ, ಗುರುವಿನ ಮಾತು ಮೀರುವಂತಿಲ್ಲ. ಹೆಣ್ಣುಮಗಳೊಬ್ಬಳು ಗಂಡನ ಮನೆಯ ಹಿಂಸೆ ಹೇಳಿಕೊಳ್ಳಲು ಬಂದಾಗ, ಹಿರಿಯನ ಪಾತ್ರ ವಹಿಸಿದ ಚಿಕಿತ್ಸಕ ಹೊಂದಿಕೊಂಡು ಹೋಗಮ್ಮ ಎಂದುಬಿಟ್ಟರೆ? ನಮ್ಮ ಸಂಸ್ಕೃತಿಗೆ ಒಗ್ಗುವ ಚಿಕಿತ್ಸೆ ಎಂಬ ಮಾತಿನೊಳಗೆ ನಮ್ಮ ಸಂಸ್ಕೃತಿಯ ಅನ್ಯಾಯವೂ ನುಸುಳಿ ಬರಬಹುದು. ಸಂಯೋಜನೆಯ ಬಗ್ಗೆ ಮಾತಾಡುವಾಗ ಈ ಮುಳ್ಳನ್ನು ಮರೆಯಬಾರದು.

ಕೋಟದಲ್ಲಿ ಕಂಡದ್ದು

ಇದೇ ಹೊತ್ತಿಗೆ ಕರಾವಳಿಯ ಕೋಟದಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಆಗಿನ ದಕ್ಷಿಣ ಕನ್ನಡದ, ಈಗ ಉಡುಪಿ ಜಿಲ್ಲೆಗೆ ಸೇರಿದ ಆ ಊರಿನಲ್ಲಿ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ರವಿ ಎಲ್. ಕಪೂರ್ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ನಡುವೆ ಮನೆಮನೆ ತಿರುಗಿ ಮಾನಸಿಕ ಕಷ್ಟಗಳ ಲೆಕ್ಕ ತೆಗೆದರು. ಅವರ ಪುಸ್ತಕ 1976ರಲ್ಲಿ ಬಂತು.

ಕೋಟದ ಜನ ಕಷ್ಟ ಬಂದಾಗ ಹೋಗುತ್ತಿದ್ದ ಕಡೆಗಳು ಹಲವು. ನಾಡಿ ಹಿಡಿದು ಮದ್ದು ಕೊಡುವ ವೈದ್ಯ, ಗ್ರಹಗತಿ ನೋಡಿ ಯಂತ್ರ ಕಟ್ಟುವ ಮಂತ್ರವಾದಿ, ಮೈಮೇಲೆ ದೈವ ಬಂದು ನುಡಿಯುವ ಪಾತ್ರಿ, ಇವರ ಜೊತೆಗೆ ಇಂಗ್ಲಿಷ್ ಔಷಧಿಯ ಡಾಕ್ಟರು. ಹೆಚ್ಚಿನವರಿಗೆ ಇವರಲ್ಲಿ ಒಬ್ಬರನ್ನೇ ಆರಿಸಿಕೊಳ್ಳಬೇಕು ಎಂದು ಅನಿಸುತ್ತಿರಲಿಲ್ಲ. ಬೆಳಿಗ್ಗೆ ಡಾಕ್ಟರ ಬಳಿ, ಸಂಜೆ ಪಾತ್ರಿಯ ಬಳಿ ಹೋಗಿ ಬರುವುದರಲ್ಲಿ ಅವರಿಗೆ ವಿರೋಧವೇ ಕಾಣುತ್ತಿರಲಿಲ್ಲ. ನಮ್ಮ ಬಯಲುಸೀಮೆಯಲ್ಲೂ ಅಷ್ಟೇ. ಮಕ್ಕಳಾಗಲಿಲ್ಲವೆಂದು ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ದಂಪತಿ ಬೆಂಗಳೂರಿನ ಡಾಕ್ಟರ ಚೀಟಿಯನ್ನೂ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಪದ್ಧತಿಗಳನ್ನು ಜೋಡಿಸುವ ಕೆಲಸವನ್ನು ರೋಗಿಯ ಮನೆಯವರು ಆಗಲೇ ಮಾಡಿದ್ದಾರೆ. ಅದರ ಅರಿವಿಲ್ಲದೆ ಕೂತಿರುವವನು ಕುರ್ಚಿಯ ಮೇಲಿನ ತಜ್ಞ ಮಾತ್ರ.

ಕಪೂರರು ಈ ಅರಿವನ್ನು ಕೈಬಿಡಲಿಲ್ಲ. ಊರಿನಲ್ಲಿರುವ ಪಾರಂಪರಿಕ ಚಿಕಿತ್ಸಕರನ್ನು ಬದಿಗೆ ಸರಿಸಿ ಯೋಜನೆ ಮಾಡಿದರೆ ಅದು ನಿಲ್ಲುವುದಿಲ್ಲ ಎಂದು ಬರೆದರು. ಮುಂದೆ ತಾವೇ ಯೋಗ ಕಲಿಯಲು ಕೂತರು, ಸಾಧುಗಳ ನಡುವೆ ಓಡಾಡಿದರು. ಆ ಅನುಭವದ ಪುಸ್ತಕ ಅವರು ತೀರಿಕೊಂಡ ಮೇಲೆ 2009ರಲ್ಲಿ ಪ್ರಕಟವಾಯಿತು.

ಸಕಲವಾರ ಮತ್ತು ಸೋಲೂರು

1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು. ಅದರ ಬೆನ್ನಿಗೇ ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಶುರುವಾಯಿತು. ನೆಲಮಂಗಲದಿಂದ ಕುಣಿಗಲ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರವೂ ಈ ಪ್ರಯೋಗದ ಭಾಗವಾಯಿತು. ಆಗ ಬೆಂಗಳೂರು ಒಂದೇ ಜಿಲ್ಲೆ, ನಗರ ಗ್ರಾಮಾಂತರ ಎಂದು ಒಡೆದದ್ದು 1986ರಲ್ಲಿ. ಆ ಒಡೆತದಲ್ಲಿ ಸೋಲೂರು ಇದ್ದ ಮಾಗಡಿ ತಾಲ್ಲೂಕು ಗ್ರಾಮಾಂತರಕ್ಕೆ ಬಂತು, 2007ರಲ್ಲಿ ರಾಮನಗರ ಜಿಲ್ಲೆಗೆ ಹೋಯಿತು. ಜಿಲ್ಲೆಯ ಗೆರೆ ಹೇಗೆ ಸರಿದರೂ ನೆಲಮಂಗಲದವರಿಗೆ ಸೋಲೂರು ಪಕ್ಕದ ಮನೆ.

ಪ್ರಯೋಗದ ಹಿಂದಿನ ಲೆಕ್ಕಾಚಾರ ಸರಳ. ಮನೋವೈದ್ಯರು ಬೆರಳೆಣಿಕೆಯಷ್ಟು, ಹಳ್ಳಿಗಳು ಸಾವಿರಾರು. ಹಾಗಿದ್ದರೆ ಊರಿನಲ್ಲಿ ಆಗಲೇ ಇರುವ ಸರ್ಕಾರಿ ಡಾಕ್ಟರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಅಗತ್ಯವಿರುವಷ್ಟನ್ನು ಕಲಿಸಿದರೆ ಹೇಗೆ? ಕಪೂರ್, ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್, ಮಾಳವಿಕಾ ಕಪೂರ್, ಆರ್. ಪಾರ್ಥಸಾರಥಿ ಮುಂತಾದವರು ಸೇರಿ ತರಬೇತಿ ಕ್ರಮ ರೂಪಿಸಿದರು. ಡಾಕ್ಟರಿಗೆ ಎರಡು ವಾರ, ಕಾರ್ಯಕರ್ತರಿಗೆ ಒಂದು ವಾರ. ಸುಲಭ ಭಾಷೆಯ ಕೈಪಿಡಿಗಳು ಬಂದವು. ಮೂರ್ಛೆರೋಗ, ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ, ಬುದ್ಧಿಮಾಂದ್ಯತೆ ಇವುಗಳನ್ನು ಗುರುತಿಸುವುದು, ಕೆಲವೇ ಕೆಲವು ಔಷಧಿಗಳನ್ನು ಸರಿಯಾಗಿ ಬಳಸುವುದು, ಔಷಧಿ ಬಿಟ್ಟವರ ಮನೆಗೆ ಹೋಗಿ ಮಾತಾಡಿಸುವುದು ಇವು ಪಾಠಗಳು. ಇಲ್ಲಿನ ಅನುಭವ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. 1985ರಿಂದ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಯೋಜನೆಯಾಯಿತು.

ಇದು ದೊಡ್ಡ ಸಾಧನೆ. ಸರಪಳಿ ಹಾಕಿ ಕೊಟ್ಟಿಗೆಯಲ್ಲಿ ಕಟ್ಟಿದ್ದವರನ್ನು ಬಿಡಿಸಿ ಮತ್ತೆ ಹೊಲಕ್ಕೆ ಕಳಿಸಬಲ್ಲ ಔಷಧಿಗಳು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರುವ ದಾರಿ ತೆರೆಯಿತು. ಆದರೆ ಚರಿತ್ರೆ ಬರೆಯುವಾಗ ಬಂದದ್ದರ ಜೊತೆಗೆ ಕಳೆದದ್ದನ್ನೂ ಬರೆಯಬೇಕು. ಸೂರ್ಯ ಮತ್ತು ಜಯರಾಂ ಎತ್ತಿದ ಪ್ರಶ್ನೆ ಮಾತಿನ ಚಿಕಿತ್ಸೆಯದು. ನಮ್ಮ ರೋಗಿಯ ಜೊತೆ ಹೇಗೆ ಕೂರಬೇಕು, ಅವನ ಮಾತಿಗೆ ಎಂಥ ಮಾತು ಕೊಡಬೇಕು ಎಂಬುದು. ಎರಡು ವಾರದ ತರಬೇತಿಯಲ್ಲಿ ಅದನ್ನು ಕಲಿಸುವುದು ಕಷ್ಟ. ನೂರಾರು ರೋಗಿಗಳ ಸಾಲಿನ ಮುಂದೆ ಕೂತ ಡಾಕ್ಟರಿಗೆ ಅದಕ್ಕೆ ಹೊತ್ತೂ ಇಲ್ಲ. ಹೀಗೆ ಕಾರ್ಯಕ್ರಮ ಹಿಗ್ಗುತ್ತ ಹೋದಂತೆ ಮಾತು ಕುಗ್ಗಿತು, ಮಾತ್ರೆ ಉಳಿಯಿತು. ತಲೆ ಭಾರ, ಎದೆ ಉರಿ, ಕೈಕಾಲು ಜೋಮು ಎಂದು ಬರುವ ಹೆಂಗಸಿನ ಹಿಂದೆ ಮನೆಯ ಸಾಲವೋ ಗಂಡನ ಕುಡಿತವೋ ಇದೆ ಎಂದು ಕಾರ್ಯಕರ್ತೆಗೆ ಗೊತ್ತಿರುತ್ತದೆ. ಗೊತ್ತಿದ್ದದ್ದನ್ನು ಚಿಕಿತ್ಸೆಯಾಗಿ ಬಳಸಲು ಅವಳಿಗೆ ಕಲಿಸಲಿಲ್ಲ.

ಗುಡಿ ಮತ್ತು ಬೆಂಕಿ

ಪಾರಂಪರಿಕ ಚಿಕಿತ್ಸೆಯನ್ನು ಜೊತೆಗೆ ತೆಗೆದುಕೊಳ್ಳುವ ಮಾತು ಎಲ್ಲಿಯವರೆಗೆ ಸರಿ ಎಂಬುದಕ್ಕೆ ಒಂದು ವರ್ಷದ ಅಂತರದಲ್ಲಿ ನಮ್ಮ ಪಕ್ಕದ ರಾಜ್ಯದಿಂದ ಎರಡು ಉತ್ತರ ಬಂದವು.

2001ರ ಆಗಸ್ಟ್ 6ರ ಬೆಳಗಿನ ಜಾವ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಗರಿಯ ಚಪ್ಪರದ ಕೆಳಗೆ ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಓಡಲಾರದೆ ಸತ್ತರು. ದರ್ಗಾದ ಮೇಲಿನ ನಂಬಿಕೆಯಿಂದ ಮನೆಯವರು ಬಿಟ್ಟು ಹೋದವರು ಅವರು.

ಮರುವರ್ಷ, 2002ರಲ್ಲಿ, ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಜೊತೆಗಾರರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಮನೆಯವರೊಬ್ಬರ ಜೊತೆ ಬಂದು ಉಳಿದಿದ್ದ 31 ರೋಗಿಗಳನ್ನು ಬಂದಾಗಲೂ ಹೋಗುವಾಗಲೂ ಪರೀಕ್ಷಿಸಿದ್ದರು. ಅವರಲ್ಲಿ ಹೆಚ್ಚಿನವರಿಗೆ ತೀವ್ರ ಮಾನಸಿಕ ಕಾಯಿಲೆ. ಸರಾಸರಿ ಆರು ವಾರ ಅಲ್ಲಿದ್ದರು. ವಿಶೇಷ ಪೂಜೆ, ಬಿಡಿಸುವ ಶಾಸ್ತ್ರ ಯಾವುದೂ ಇರಲಿಲ್ಲ. ಗುಡಿಯ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಎಲ್ಲರಂತೆ ಇರುವುದು ಅಷ್ಟೇ. ಕಾಯಿಲೆಯ ತೀವ್ರತೆ ಅಳೆಯುವ ಮಾಪನದಲ್ಲಿ ಅಂಕ ಸುಮಾರು ಶೇಕಡಾ 20ರಷ್ಟು ಇಳಿದಿತ್ತು.

ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು. ಒಂದು ಕಡೆ ನಂಬಿಕೆಯ ಜಾಗದಲ್ಲಿ ಸರಪಳಿ, ಇನ್ನೊಂದು ಕಡೆ ನಂಬಿಕೆಯ ಜಾಗದಲ್ಲಿ ಮರ್ಯಾದೆ. ಎರಡಕ್ಕೂ ವ್ಯತ್ಯಾಸ ತಂದದ್ದು ದೈವವಲ್ಲ, ರೋಗಿಯನ್ನು ಮನುಷ್ಯನಾಗಿ ಕಂಡರೋ ಇಲ್ಲವೋ ಎಂಬುದು. ಮನೆಯವರು ಜೊತೆಗಿದ್ದರೋ ಬಿಟ್ಟು ಹೋದರೋ ಎಂಬುದೂ ಮುಖ್ಯ. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಡೇರೆ ಹಾಕಿಸಿ ರೋಗಿಯ ಕುಟುಂಬವನ್ನು ಜೊತೆಗಿರಿಸಿಕೊಂಡಿದ್ದರು. ಗುಡಿಯಲ್ಲಿ ರಘುರಾಮ್ ಕಂಡದ್ದೂ ಅದೇ ತತ್ವ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿತು. ನನ್ನ ದೃಷ್ಟಿಯಲ್ಲಿ ಸಂಯೋಜನೆಯ ಮೊದಲ ಗೆರೆ ಅದು. ಗೆರೆಯ ಈಚೆಗೆ ಏನನ್ನು ಬೇಕಾದರೂ ಜೋಡಿಸುವ ಬಗ್ಗೆ ಮಾತಾಡಬಹುದು, ಆಚೆಗೆ ಮಾತಿಲ್ಲ.

ಕನ್ನಡದಲ್ಲಿ ಮನಸ್ಸು

ಈ ಚರಿತ್ರೆಯಲ್ಲಿ ಆಸ್ಪತ್ರೆಯ ಹೊರಗೆ ನಡೆದ ಒಂದು ಕೆಲಸವೂ ಇದೆ. ಅದನ್ನು ಮಾಡಿದವರು ಲೇಖಕರು. ‘ಕೊರವಂಜಿ’ ಪತ್ರಿಕೆಯನ್ನು 1942ರಲ್ಲಿ ಆರಂಭಿಸಿ ಕನ್ನಡಿಗರನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನಸ್ಸಿನ ಕಾಯಿಲೆಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕತೆ ಕಾದಂಬರಿ ಕವಿತೆಗಳಿಗೆ ಸಲ್ಲುವ ಪ್ರಶಸ್ತಿ ಮನೋವೈದ್ಯದ ಪುಸ್ತಕಕ್ಕೆ ಸಂದದ್ದು ಸಣ್ಣ ಸಂಗತಿಯಲ್ಲ. ಅದಕ್ಕೂ ಮೊದಲು, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿ ತಮ್ಮ ಕಾದಂಬರಿಗಳಲ್ಲಿ ಹೆಂಗಸಿನ ಮಾನಸಿಕ ಸಂಕಟವನ್ನು ಹುಚ್ಚು ಎಂದು ತಳ್ಳದೆ ಅರ್ಥ ಮಾಡಿಕೊಳ್ಳಲು ಕಲಿಸಿದ್ದರು. ‘ಶರಪಂಜರ’ 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆದಮೇಲಂತೂ ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಯವರೇ ಮತ್ತೆ ಕಾಯಿಲೆಗೆ ನೂಕುವ ಬಗೆ ಊರೂರಿಗೆ ತಿಳಿಯಿತು. ಕಾಯಿಲೆ ತಲೆಯೊಳಗೂ ಇದೆ, ಮನೆಯೊಳಗೂ ಇದೆ ಎಂಬ ಕುಟುಂಬ ಚಿಕಿತ್ಸೆಯ ಮೂಲ ಪಾಠವನ್ನು ಕನ್ನಡಿಗರು ಕಲಿತದ್ದು ಟೆಂಟಿನಲ್ಲಿ ಕೂತು.

ಸೋಲೂರಿನ ಪ್ರಯೋಗದಲ್ಲಿದ್ದ ಸಿ.ಆರ್. ಚಂದ್ರಶೇಖರ್ ಮುಂದೆ ಕನ್ನಡದಲ್ಲಿ ಬರೆದ ಪುಸ್ತಕಗಳು ನಮ್ಮ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಓಡಾಡಿ ಸವೆದಿವೆ. ಗೃಹಿಣಿಯರು, ನಿವೃತ್ತರು, ಶಿಕ್ಷಕರು ಇಂಥ ಸ್ವಯಂಸೇವಕರಿಗೆ ಆಪ್ತಸಲಹೆಯ ತರಬೇತಿ ಕೊಡುವ ಕೆಲಸವನ್ನೂ ಅವರು ಮಾಡಿದರು. ಮಾಳವಿಕಾ ಕಪೂರ್ ಶಾಲೆಯ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಶಿಕ್ಷಕರನ್ನು ಸಜ್ಜುಗೊಳಿಸುವ ದಾರಿ ಹಿಡಿದರು. ಸರ್ಕಾರಿ ಕಾರ್ಯಕ್ರಮದಲ್ಲಿ ಕುಗ್ಗಿದ ಮಾತಿಗೆ ಇವರು ಬೇರೆ ಕಡೆ ಜಾಗ ಮಾಡಿಕೊಟ್ಟರು.

‘ಆಪ್ತಸಲಹೆ’ ಎಂಬ ಪದವನ್ನೇ ನೋಡಿ. ಇಂಗ್ಲಿಷಿನ ಕೌನ್ಸೆಲಿಂಗ್‌ನಲ್ಲಿ ಆಪ್ತತೆ ಇಲ್ಲ. ನಮ್ಮವರು ಅದನ್ನು ಸೇರಿಸಿದರು, ಸಲಹೆಯನ್ನೂ ಉಳಿಸಿಕೊಂಡರು. ಸಲಹೆ ಕೊಡಬಾರದು, ರೋಗಿಯೇ ದಾರಿ ಕಂಡುಕೊಳ್ಳಬೇಕು ಎನ್ನುವ ಕಾರ್ಲ್ ರೋಜರ್ಸ್ ಈ ಪದ ಕೇಳಿದ್ದರೆ ಹುಬ್ಬೇರಿಸುತ್ತಿದ್ದರು. ಆದರೆ 1964ರ ಲೇಖನ ಗುರುತಿಸಿದ ನಮ್ಮ ರೋಗಿಗೆ ಬೇಕಾದದ್ದು ಆ ಎರಡೂ: ತನ್ನವನಾಗಿ ಕೇಳುವವನು, ಕೇಳಿದ ಮೇಲೆ ಏನಾದರೂ ಹೇಳುವವನು. ಯಾವ ಸಮ್ಮೇಳನವೂ ಇಲ್ಲದೆ ಭಾಷೆಯೇ ಎರಡು ಪದ್ಧತಿಗಳನ್ನು ಒಂದು ಪದದಲ್ಲಿ ಹೊಲಿದಿದೆ.

ಕಲಿಯುವವರಿಗೆ

ಈಗ ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದಮೇಲೆ ದ್ರಾಕ್ಷಿ, ರೇಷ್ಮೆ ಬೆಳೆಯುತ್ತಿದ್ದ ಜಮೀನು ಕೈಬದಲಾಯಿಸಿದ ಮನೆಗಳಿವೆ. ಹಣ ಬಂದು ಕೆಲಸ ಹೋದ ಗಂಡಸರು ಆ ಮನೆಗಳಲ್ಲಿದ್ದಾರೆ. ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಬೆಲೆ ಬಿದ್ದಾಗಲೆಲ್ಲ ಮಗ್ಗದ ಮನೆಗಳಲ್ಲಿ ನಿದ್ದೆ ಹಾಳಾಗುತ್ತದೆ. ನೆಲಮಂಗಲ, ಹೊಸಕೋಟೆಯ ಗೋದಾಮು ಕಾರ್ಖಾನೆಗಳಲ್ಲಿ ಊರು ಬಿಟ್ಟು ಬಂದ ಹುಡುಗ ಹುಡುಗಿಯರು ಪಾಳಿ ಕೆಲಸ ಮಾಡುತ್ತಾರೆ. ಇವರ ಸಂಕಟಕ್ಕೆ ಒಂದೇ ಪದ್ಧತಿ ಸಾಕಾಗುವುದಿಲ್ಲ. ನಿದ್ದೆ ಕೆಟ್ಟವನಿಗೆ ವರ್ತನಾ ಚಿಕಿತ್ಸೆಯ ಸರಳ ಕ್ರಮಗಳು ಕೆಲಸಕ್ಕೆ ಬರುತ್ತವೆ. ಜಮೀನು ಹೋದ ತಂದೆಯ ದುಃಖವನ್ನು ದುಃಖವಾಗಿಯೇ ಕೇಳಬೇಕು. ಕುಡಿತದ ಮನೆಯಲ್ಲಿ ಕುಟುಂಬವನ್ನೇ ಕೂರಿಸಿಕೊಳ್ಳಬೇಕು. ಸಾಲ ತೀರಿಸುವ ದಾರಿ ಹುಡುಕದೆ ಯಾವ ಮಾತೂ ಮುಂದೆ ಹೋಗದ ಸಂದರ್ಭಗಳೂ ಇವೆ.

ಅನುಕೂಲಗಳು ಹೆಚ್ಚಿವೆ. 2014ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಆಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದ ಮತ್ತು ಆಧುನಿಕ ವೈದ್ಯವನ್ನು ಒಟ್ಟಿಗೆ ತರುವ ಸಮಗ್ರ ವೈದ್ಯ ವಿಭಾಗ ಇದೆ. ಗೋವಿಂದಸ್ವಾಮಿಯವರ ಹಳೆಯ ಕನಸಿಗೆ ಒಂದು ಕಟ್ಟಡ ಸಿಕ್ಕಿದೆ.

ತರಬೇತಿಯ ವಿಷಯ ಮಾತ್ರ ಇನ್ನೂ ಗೋಜಲಾಗಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಎಂ.ಫಿಲ್ ಬೇಕಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಪದವಿಯನ್ನೇ ಕೈಬಿಡಲು ಹೇಳಿತು. ಯುಜಿಸಿ ಈ ಕೋರ್ಸಿಗೆ 2025-26ರವರೆಗೆ ವಿನಾಯಿತಿ ಕೊಟ್ಟಿತು. ಸೀಟುಗಳು ಕೆಲವೇ, ಕನಸುಗಳು ಸಾವಿರ. ಆ ಸಂದಿಯಲ್ಲಿ ವಾರಾಂತ್ಯದ ಪ್ರಮಾಣಪತ್ರಗಳು ಮಾರಾಟವಾಗುತ್ತವೆ. ಒಂದು ಶನಿವಾರ ಸಿಬಿಟಿ, ಮರು ಶನಿವಾರ ಸಂಮೋಹನ, ಅದರಾಚೆಗೆ ಇನ್ನೇನೋ. ಮೂರು ತಿಂಗಳಿಗೆ ಆರು ಪ್ರಮಾಣಪತ್ರ ಹಿಡಿದು ನಾನು ಎಲ್ಲ ಪದ್ಧತಿಗಳನ್ನೂ ಸೇರಿಸಿ ಚಿಕಿತ್ಸೆ ಮಾಡುತ್ತೇನೆ ಎನ್ನುವವರು ನಮ್ಮ ಪಟ್ಟಣಗಳಲ್ಲೂ ಬೋರ್ಡು ಹಾಕಿದ್ದಾರೆ. ಇದು ಸಂಯೋಜನೆಯಲ್ಲ, ಕಲಬೆರಕೆ. ಹಾಲಿಗೆ ನೀರು ಬೆರೆಸಿದವನೂ ಎರಡನ್ನು ಸೇರಿಸಿದ್ದೇನೆ ಎನ್ನಬಹುದು.

ಎರಡಕ್ಕೂ ವ್ಯತ್ಯಾಸ ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಹೇಳಿಕೊಡುತ್ತೇನೆ. ಈ ರೋಗಿಗೆ ಈ ತಂತ್ರವನ್ನು ಈಗ ಏಕೆ ಬಳಸಿದೆ ಎಂದು ಹೇಳಬಲ್ಲೆಯಾ? ಅದು ಕೆಲಸ ಮಾಡದಿದ್ದರೆ ನಿನಗೆ ಹೇಗೆ ತಿಳಿಯುತ್ತದೆ? ನಿನ್ನ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಿದ್ದಾರೆ? ಮೊದಲನೆಯದಕ್ಕೆ ಸಿದ್ಧಾಂತ ಬೇಕು, ಎರಡನೆಯದಕ್ಕೆ ಪ್ರಾಮಾಣಿಕತೆ ಬೇಕು, ಮೂರನೆಯದಕ್ಕೆ ಗುರು ಬೇಕು. ನೇಕಿಯವರ ಗುರು ಶಿಷ್ಯ ಮಾದರಿ ರೋಗಿಯ ವಿಷಯದಲ್ಲಿ ಎಷ್ಟು ಸರಿ ಎಂಬ ಬಗ್ಗೆ ನನಗೆ ಅನುಮಾನಗಳಿವೆ. ಚಿಕಿತ್ಸಕರನ್ನು ತಯಾರು ಮಾಡುವ ವಿಷಯದಲ್ಲಿ ಇಲ್ಲ. ಈ ಕಸುಬು ಪಕ್ಕದಲ್ಲಿ ಕೂತು ನೋಡಿ ಕಲಿಯುವಂಥದ್ದು, ಕೈ ಹಿಡಿದು ತಿದ್ದಿಸಿಕೊಳ್ಳುವಂಥದ್ದು.

ಸೋಲೂರಿನಲ್ಲಿ ಅರ್ಧಕ್ಕೆ ಉಳಿದ ಪಾಠವೂ ಇದೇ. ಆಶಾ ಕಾರ್ಯಕರ್ತೆಗೆ, ಶಾಲೆಯ ಮೇಷ್ಟ್ರಿಗೆ, ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರಿಗೆ ಒಂದು ವಾರ ಕಲಿಸಿ ಕಳಿಸಿದರೆ ಸಾಲದು. ತಿಂಗಳಿಗೊಮ್ಮೆಯಾದರೂ ಅವರು ಕಂಡ ಕಷ್ಟಗಳನ್ನು ಕೂತು ಕೇಳಿ, ಇಲ್ಲಿ ಹೀಗೆ ಮಾಡಿದ್ದರೆ ಹೇಗೆ ಎಂದು ಹೇಳುವವರು ಬೇಕು. ಟೆಲಿಫೋನಿನಲ್ಲೇ ಚಿಕಿತ್ಸೆ ನಡೆಯುವ ಕಾಲದಲ್ಲಿ ಇದು ಆಗದ ಮಾತಲ್ಲ. ಅವರಿಗೆ ಮೊದಲು ಒಂದು ಹಾಸು ಕೊಡಬೇಕು: ಕೇಳಿಸಿಕೊಳ್ಳುವ ಕ್ರಮ, ಅಪಾಯ ಗುರುತಿಸುವ ಕಣ್ಣು, ಗುಟ್ಟು ಕಾಯುವ ನಿಯಮ, ತನ್ನ ಕೈಮೀರಿದ್ದನ್ನು ಮುಂದಕ್ಕೆ ಕಳಿಸುವ ವಿವೇಕ. ಹೊಕ್ಕು ಆಮೇಲೆ. ಅದನ್ನು ಫ್ರಾಯ್ಡ್‌ನಿಂದ ತರಲಿ, ಯೋಗದಿಂದ ತರಲಿ, ಅಜ್ಜಿಯ ಗಾದೆಯಿಂದ ತರಲಿ.

ಮನೋಚಿಕಿತ್ಸೆಯ ವಿದ್ಯಾರ್ಥಿ ಓದಬೇಕಾದ ಪುಸ್ತಕಗಳ ಪಟ್ಟಿ ಉದ್ದವಿದೆ. ಅದರ ಜೊತೆಗೆ ಅವನೊಂದು ಮಂಗಳವಾರ ತನ್ನ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತು, ಬಂದವರು ತಮ್ಮ ಕಷ್ಟವನ್ನು ಯಾವ ಪದಗಳಲ್ಲಿ ಹೇಳುತ್ತಾರೆ ಎಂದು ಕೇಳಿಸಿಕೊಂಡು ಬರಲಿ ಎಂದು ನನ್ನ ಆಸೆ. ಅವರ ಮಣಿಕಟ್ಟಿನಲ್ಲಿ ತಾಯತ ಇರುತ್ತದೆ, ಕೈಯಲ್ಲಿ ಮಾತ್ರೆ ಚೀಟಿ ಇರುತ್ತದೆ. ಎರಡನ್ನೂ ಕಟ್ಟಿಕೊಂಡು ಬಂದವರಿಗೆ ಬೇಕಾದ ಮೂರನೆಯದು, ಅವರ ಮಾತಿಗೆ ಒಂದು ಕಿವಿ.